ಮುಸುಕಿನ ಜೋಳದ ಬೊಂಬೆ

20 ವರ್ಷದಲ್ಲಿ ಮಾಡಿದ ನನ್ನ ಶಿಲ್ಪಗಳನ್ನೆಲ್ಲ ಒಂದೇ ಸೂರಿನಡಿ ನೋಡಿ ಮೊನ್ನೆ ನನಗೇ ಗಂಟಲು ಕಟ್ಟಿತು. ಪ್ರದರ್ಶನಕ್ಕೆ ಬಂದವರಿಗೆ, ಊರಲ್ಲಿ ಬೆಳಗಿನ ಜಾವ ಎದ್ದು ವಿಡಿಯೋ ಕಾಲ್‌ನಲ್ಲಿ ನೋಡಿದವರಿಗೆ ತುಂಬಾ ಥ್ಯಾಂಕ್ಸ್.

ಕೋಲಾರದ ಕಡೆಯ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಅಪ್ಪನ ಉಳಿ ಸದ್ದು ಕೇಳುತ್ತಾ ಬೆಳೆದವಳು ನಾನು. ಮೆಕ್ಸಿಕೋ ಸಿಟಿಗೆ ಬಂದ ಮೊದಲ ವಾರವೇ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಕೊವಾಟ್ಲಿಕ್ವೆ ದೇವಿಯ ಮುಂದೆ ನಿಂತೆ. 1790ರಲ್ಲಿ ಇಲ್ಲಿನ ದೊಡ್ಡ ಚೌಕದಲ್ಲಿ ನೆಲ ಅಗೆಯುವಾಗ ಸಿಕ್ಕ, ಇಲ್ಲಿನ ಹಳೆಯ ಅಜ್ಟೆಕ್ ಜನರ ತಾಯಿ ದೇವಿಯ ಕಲ್ಲಿನ ವಿಗ್ರಹ. 2.5 ಮೀಟರ್‌ಗೂ ಜಾಸ್ತಿ ಎತ್ತರ. ಹಾವುಗಳನ್ನೇ ಹೆಣೆದ ಲಂಗ, ಕೊರಳಲ್ಲಿ ಕೈಗಳ, ಹೃದಯಗಳ ಹಾರ. ನೆಲಕ್ಕೆ ತಾಗುವ ತಳದಲ್ಲೂ ಕೆತ್ತನೆ ಇದೆ. ಯಾರ ಕಣ್ಣಿಗೂ ಬೀಳದ ಕಡೆಯೂ ಅಷ್ಟು ಕೆಲಸ! ಅವತ್ತೇ ಇಲ್ಲಿ ಕಲಿಯಬೇಕು ಅಂತ ತೀರ್ಮಾನಿಸಿದೆ.

ಕಲ್ಲು ಕೊಟ್ಟವರು, ಅಬ್ಸಿಡಿಯನ್ ಎಂಬ ಕಪ್ಪು ಗಾಜಿನ ಕಲ್ಲನ್ನು ಉಜ್ಜಲು ಕಲಿಸಿದವರು, ಬಾಡಿಗೆಗೆ ಕಾದ ಮನೆ ಮಾಲೀಕರು, ಪಾತ್ಸ್ಕ್ವಾರೋ ಊರಿನ ನನ್ನ ಗುರುಗಳು, ಎಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಇವತ್ತು ಬರೆಯಲೇಬೇಕಿರುವುದು ಪಕ್ಕದ ಮನೆ ಅಜ್ಜಿಯ ಬಗ್ಗೆ.

2017ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ನನ್ನ ಸ್ಟುಡಿಯೋದ ಬೊಂಬೆಗಳು ಒಡೆದುಹೋದದ್ದು ನಿಮಗೆ ಗೊತ್ತು. ಆ ರಾತ್ರಿ ಹೇಗೆ ಕಳೆಯಿತು ಅಂತ ಯಾರಿಗೂ ಹೇಳಿರಲಿಲ್ಲ. ಕುಸಿದ ಕಟ್ಟಡಗಳ ಮುಂದೆ ಯಾರಾದರೂ ಮುಷ್ಟಿ ಎತ್ತಿದರೆ ಇಡೀ ಬೀದಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಅವಶೇಷದ ಒಳಗಿಂದ ಒಂದು ದನಿ ಕೇಳೀತೇನೋ ಅಂತ. ಅಷ್ಟು ಜನ ಹೋಗಿರುವಾಗ ಒಡೆದ ಬೊಂಬೆಗಳಿಗೆ ಅಳಲು ನಾಚಿಕೆಯಾಯಿತು. ಆದರೂ ಅಳು ನಿಲ್ಲಲಿಲ್ಲ. ಇನ್ನು ಈ ಕೆಲಸವೇ ಬೇಡ, ಊರಿಗೆ ಹೋಗಿಬಿಡ್ತೀನಿ ಅಂದೆ.

ಅಜ್ಜಿ ಬೀದಿಯಂಚಲ್ಲಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಮಾರಲು ಇಟ್ಟಿದ್ದ ತಮಾಲೆ ಎಂಬ ಮುಸುಕಿನ ಜೋಳದ ಕಡುಬಿನ ಸಿಪ್ಪೆ ಬಿಡಿಸಿ ಕೈಗಿಟ್ಟರು. "ಅಳು ಮಿಹಾ" ಅಂದರು. ಮಗಳೇ ಅಂತ ಅರ್ಥ. ಅಷ್ಟೇ. ಸಮಾಧಾನದ ಇನ್ನೊಂದು ಮಾತಿಲ್ಲ. ಬೆಳಗಿನವರೆಗೂ ನನ್ನ ಮಗ್ಗುಲಲ್ಲೇ ಕೂತಿದ್ದರು. ಅವರ ಮನೆ ಗೋಡೆಯೂ ಬಿರುಕು ಬಿಟ್ಟಿತ್ತು ಅಂತ ನನಗೆ ಗೊತ್ತಾಗಿದ್ದು ಎರಡು ದಿನದ ಮೇಲೆ.

ಬೆಳಗ್ಗೆ ಬಕೆಟ್ ಹಿಡಿದು ಅವರೇ ಮೊದಲು ಒಳಗೆ ಹೋದರು. ಮಣ್ಣಿನವೆಲ್ಲ ಚೂರು. ಕಲ್ಲಿನದ್ದಕ್ಕೆ ಕತ್ತು ಹೋಗಿತ್ತು. ಮೂಲೆಯಲ್ಲಿ ಒಂದು ಮಾತ್ರ ಉಳಿದಿತ್ತು. ಮುಸುಕಿನ ಜೋಳದ ದಂಟಿನ ಬೆಂಡನ್ನು ಪುಡಿ ಮಾಡಿ, ಆರ್ಕಿಡ್ ಗೆಡ್ಡೆಯ ಅಂಟಲ್ಲಿ ಕಲಸಿ ಮಾಡಿದ ಬೊಂಬೆ. ಪಾತ್ಸ್ಕ್ವಾರೋ ಕಡೆಯ ಪುರೆಪೆಚಾ ಜನ ಹಿಂದೆ ತಮ್ಮ ದೇವರುಗಳನ್ನು ಹೀಗೇ ಹಗುರಾಗಿ ಮಾಡಿ ಯುದ್ಧಕ್ಕೂ ಹೊತ್ತೊಯ್ಯುತ್ತಿದ್ದರು. ಬಿದ್ದ ಪೆಟ್ಟಿಗೆ ಮೂಗು ಮಾತ್ರ ನೆಗ್ಗಿತ್ತು.

ಮಾಯಾ ಜನರ ಕಥೆ ನಿಮಗೆ ಎಷ್ಟು ಸಲ ಹೇಳಿದ್ದೇನೆ ಅಲ್ವಾ? ದೇವರುಗಳು ಮಣ್ಣಲ್ಲಿ ಮಾಡಿದ ಮನುಷ್ಯ ಕರಗಿಹೋದ. ಮರದಲ್ಲಿ ಮಾಡಿದವನಿಗೆ ಮನಸ್ಸಿರಲಿಲ್ಲ. ಮುಸುಕಿನ ಜೋಳದ ಹಿಟ್ಟಲ್ಲಿ ಮಾಡಿದವನು ಬದುಕಿದ. ಅಲ್ಲಿಯವರೆಗೆ ನನಗದು ಕಥೆಯಾಗಿತ್ತು. ಅಜ್ಜಿ ಆ ಬೊಂಬೆಯನ್ನು ತಮ್ಮ ಶಾಲಲ್ಲಿ ಕೂಸಿನ ಹಾಗೆ ಕಟ್ಟಿಕೊಂಡು ಹೊರಗೆ ಬಂದರು. ಆಮೇಲೆ ಚೂರುಗಳನ್ನೂ ಒಂದೊಂದಾಗಿ ಆರಿಸಿದರು. ಮೊನ್ನೆ ನೀವು ಮೆಚ್ಚಿದ ಸರಣಿ ಆ ಬಕೆಟ್‌ನಿಂದಲೇ ಬಂದದ್ದು.

ಬೊಂಬೆ ಈಗ ಅಜ್ಜಿ ಮನೆಯಲ್ಲಿದೆ. ಮೂಗು ಸರಿಮಾಡಿ ಕೊಡ್ತೀನಿ ಅಂದೆ. ಮುಟ್ಟಬೇಡ ಅಂದರು.