ಹೆದರಿಸಲು ಬೇಡ, ಮಾತಾಡಲು ಬರಲಿ

ಮಾನ್ಯ ಸಂಪಾದಕರೇ,

ಜೈಲಿಗೆ ಹೋಗಿ ಬಂದವರನ್ನು ಹದಿಹರೆಯದ ಮಕ್ಕಳ ಮುಂದೆ ನಿಲ್ಲಿಸಬಾರದು ಎಂದು ಮೊನ್ನೆ ನಮ್ಮ ಸಂಘದ ಸಭೆಯಲ್ಲಿ ಹಲವರು ಹೇಳಿದರು. ತಂದೆ ತಾಯಿಯ ಆತಂಕ ನನಗೆ ಗೊತ್ತು. ಆದರೆ ನಾನು ಒಬ್ಬನನ್ನು ಕರೆಸಿ ನೋಡಿದ್ದೇನೆ. ಅದಕ್ಕೇ ಈ ಪತ್ರ.

ಮುಂಬೈಯ ಕನ್ನಡ ಮಾಧ್ಯಮ ಶಾಲೆಯಲ್ಲಿ 28 ವರ್ಷ ಪಾಠ ಮಾಡಿದವಳು ನಾನು. ನಾನು ಕರೆಸಿದವನು ಆಗ ನನ್ನ ಆರನೇ ಕ್ಲಾಸಿನ ಹುಡುಗ, ಲೆಕ್ಕದಲ್ಲಿ ಚುರುಕು. 19ಕ್ಕೆ ಜೈಲು ಸೇರಿ ನಾಲ್ಕು ವರ್ಷ ಒಳಗಿದ್ದ. ಈಗ ವಾಶಿ ಮಾರ್ಕೆಟ್‌ನಲ್ಲಿ ಟೆಂಪೊಗಳಿಗೆ ಮಾಲು ತುಂಬುತ್ತಾನೆ. ಭಾಂಡುಪ್‌ನಲ್ಲಿ ನಾನು ನಡೆಸುವ ಸಂಜೆ ಟ್ಯೂಷನ್‌ಗೆ ಬಾ ಅಂದರೆ, "ನಾನೇನು ಹೇಳ್ಲಿ ಟೀಚರ್?" ಎಂದು ಎರಡು ತಿಂಗಳು ತಪ್ಪಿಸಿಕೊಂಡ.

ಕೊನೆಗೂ ಬಂದ. ಒಂದು ಚೀಲದ ವಿಷಯ ಹೇಳಿದ. ಕುರ್ಲಾದಿಂದ ಕಲ್ಯಾಣ್‌ಗೆ ಲೋಕಲ್‌ನಲ್ಲಿ ಮುಟ್ಟಿಸಿದರೆ 500 ರೂಪಾಯಿ. ಒಳಗೇನಿದೆ ಅಂತ ಕೇಳಬಾರದು. ಮೊದಲ ಸಲ ಕೈ ನಡುಗಿತಂತೆ, ಮೂರನೇ ಸಲ ನಡುಗಲಿಲ್ಲವಂತೆ. ಒಬ್ಬ ಹುಡುಗ ಕಣ್ಣರಳಿಸಿ, "ಒಳಗೆ ಡಾನ್‌ಗಳನ್ನು ನೋಡಿದ್ರಾ?" ಅಂತ ಕೇಳಿದ. "ಬರಾಕಿನಲ್ಲಿ ಮಗ್ಗುಲಾಗಿ ಮಲಗಬೇಕು, ಅಷ್ಟೇ ಜಾಗ. ನಾನು ನೋಡಿದ್ದು ಪಕ್ಕದವನ ಬೆನ್ನು" ಅಂದ. ಅವನ ತಾಯಿ ಮನೆಗೆಲಸದವರು. ಮುಲಾಕಾತಿಗೆ, ಕೋರ್ಟಿನ ತಾರೀಖಿಗೆ ರಜೆ ಹಾಕಿ ಹಾಕಿ ಎರಡು ಮನೆಯ ಕೆಲಸ ಕಳೆದುಕೊಂಡರು. ಅದನ್ನು ಹೇಳುವಾಗ ಅವನು ಮಕ್ಕಳ ಮುಖ ನೋಡಲಿಲ್ಲ.

ಎಲ್ಲರೂ ಎದ್ದ ಮೇಲೆ ಹತ್ತನೇ ಕ್ಲಾಸಿನವನೊಬ್ಬ ಹಿಂದೆ ಉಳಿದ. ಅವನ ಅಣ್ಣನ ಬ್ಯಾಂಕ್ ಅಕೌಂಟು, ಎಟಿಎಂ ಕಾರ್ಡು ಸ್ವಲ್ಪ ದಿನಕ್ಕೆ ಕೊಟ್ಟರೆ 2,000 ರೂಪಾಯಿ ಕೊಡುವುದಾಗಿ ಯಾರೋ ಹೇಳಿದ್ದರಂತೆ. "ಇದೂ ಆ ಚೀಲದ ತರಾನೇನಾ ಅಣ್ಣಾ?" ಎಂದು ನಮ್ಮ ಅತಿಥಿಯನ್ನು ಕೇಳಿದ. ಆನ್‌ಲೈನ್ ವಂಚನೆಯ ಹಣ ಇಂಥ ಅಕೌಂಟುಗಳ ಮೂಲಕವೇ ಸಾಗುತ್ತದೆ, ಪೊಲೀಸರು ಮೊದಲು ಬರುವುದು ಅಕೌಂಟು ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಇದನ್ನು ನಾನು ಎಷ್ಟೋ ಸಲ ಹೇಳಿದ್ದೆ. ನನ್ನ ಹತ್ತಿರ ಯಾರೂ ಹೀಗೆ ಬಾಯಿಬಿಟ್ಟಿರಲಿಲ್ಲ.

ಬರೀ ಹೆದರಿಸುವುದಕ್ಕೆ ಕರೆಸುವುದಾದರೆ ಮಾತ್ರ ನನ್ನ ವಿರೋಧವಿದೆ. ಅಮೆರಿಕದ ನ್ಯೂಜೆರ್ಸಿಯ ರಾಹ್ವೇ ಜೈಲಿನಲ್ಲಿ 1970ರ ದಶಕದಲ್ಲಿ ಹುಡುಗರನ್ನು ಒಳಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಭಯ ಹುಟ್ಟಿಸುತ್ತಿದ್ದರು. ಬೇರೆ ಕಡೆಯೂ ಅದನ್ನೇ ಮಾಡಿದರು. ಆಮೇಲೆ ಹೋಲಿಸಿ ನೋಡಿದರೆ, ಹಾಗೆ ಹೋಗಿ ಬಂದ ಹುಡುಗರೇ ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು.

"ನಿನಗಿನ್ನೂ 18 ಆಗಿಲ್ಲ, ಏನೂ ಆಗಲ್ಲ" ಅಂತ ಹೇಳಿಯೇ ಹುಡುಗರ ಕೈಗೆ ಚೀಲ ಕೊಡುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16 ತುಂಬಿದವರು ಘೋರ ಅಪರಾಧ ಮಾಡಿದ್ದರೆ, ಬಾಲನ್ಯಾಯ ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಇದೂ ಮಕ್ಕಳಿಗೆ ಗೊತ್ತಾಗಬೇಕು ಅಲ್ವಾ?

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಭಾಷಣ ಇಡುವ ಬದಲು, ತಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನೇ ಮತ್ತೆ ಮತ್ತೆ ಕರೆಸಲಿ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರು ಖಂಡಿತ ಬೇಡ. ಶಿಕ್ಷಕರು ಕೊನೆವರೆಗೂ ಜೊತೆಗಿರಲಿ. ಬಂದವರ ಆ ದಿನದ ಕೂಲಿಯನ್ನೂ ಕೊಡಲಿ. ಆ ಸಂಜೆ ನಮ್ಮ ಹುಡುಗ 700 ರೂಪಾಯಿ ಬಿಟ್ಟು ಬಂದಿದ್ದ. ಅದು ನನಗೆ ತಿಳಿದದ್ದು ಅವನು ಹೊರಟ ಮೇಲೆ.

— ನಿವೃತ್ತ ಶಿಕ್ಷಕಿ, ಭಾಂಡುಪ್, ಮುಂಬೈ