ಸಮ್ಮಿಶ್ರ ಸರ್ಕಾರಕ್ಕೆ ಲಿಖಿತ ಒಪ್ಪಂದ ಬೇಕು

ಮಾನ್ಯರೇ,

ಅತಂತ್ರ ಫಲಿತಾಂಶ ಬಂದರೆ ನಮ್ಮಲ್ಲಿ ಎಲ್ಲರ ಕಣ್ಣು ರಾಜಭವನದತ್ತ. ಬ್ರಿಟನ್ನಿನಲ್ಲಿ ಅರಮನೆಯನ್ನು, ಅಂದರೆ ರಾಜ ಅಥವಾ ರಾಣಿಯನ್ನು, ಈ ಲೆಕ್ಕಾಚಾರಕ್ಕೆ ಎಳೆಯುವುದಿಲ್ಲ. ಪಕ್ಷಗಳೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕು. ಅತಿದೊಡ್ಡ ಪಕ್ಷಕ್ಕೇ ಮೊದಲ ಕರೆ ಎಂಬ ನಿಯಮವೂ ಇಲ್ಲ. ಹಾಲಿ ಪ್ರಧಾನಿ ಸದನ ಎದುರಿಸಬಹುದು. 1923ರಲ್ಲಿ ಬಹುಮತ ಕಳೆದುಕೊಂಡ ಪ್ರಧಾನಿ ಬಾಲ್ಡ್‌ವಿನ್, 1924ರ ಜನವರಿಯಲ್ಲಿ ಸದನದಲ್ಲಿ ಸೋತ ಮೇಲೆಯೇ ರಾಜೀನಾಮೆ ಕೊಟ್ಟರು.

2010ರ ಮೇ 6ರ ಚುನಾವಣೆಯನ್ನೇ ನೋಡಿ. 650 ಸ್ಥಾನಗಳಲ್ಲಿ ಬಹುಮತಕ್ಕೆ 326 ಬೇಕು. ಕನ್ಸರ್ವೇಟಿವ್ 306, ಲೇಬರ್ 258, ಲಿಬರಲ್ ಡೆಮಾಕ್ರಾಟ್ 57. ಲಿಬರಲ್ ಡೆಮಾಕ್ರಾಟರು ಲೇಬರ್ ಜತೆ ಹೋದರೆ 315, ಸಾಲದು. ಕನ್ಸರ್ವೇಟಿವ್ ಜತೆ 363. ಐದು ದಿನ ಮಾತುಕತೆ ನಡೆಯಿತು. ಅಲ್ಲಿಯವರೆಗೆ ಲೇಬರ್‌ನ ಹಾಲಿ ಪ್ರಧಾನಿ ಬ್ರೌನ್ ಹುದ್ದೆಯಲ್ಲಿದ್ದರು, ಏಕೆಂದರೆ ದೇಶ ಒಂದು ದಿನವೂ ಪ್ರಧಾನಿಯಿಲ್ಲದೆ ಇರಬಾರದು. ಮೇ 11ರಂದು ಕನ್ಸರ್ವೇಟಿವ್ ನಾಯಕ ಕ್ಯಾಮರಾನ್ ಪ್ರಧಾನಿ, ಮರುದಿನ ಲಿಬರಲ್ ಡೆಮಾಕ್ರಾಟರ ಜತೆಗಿನ ಒಪ್ಪಂದ ಪ್ರಕಟ: ತೆರಿಗೆ, ಕೊರತೆ ಕಡಿತ, ಮತದಾನ ಪದ್ಧತಿಯ ಕುರಿತ ಜನಮತಗಣನೆ ಎಲ್ಲವೂ ಬರಹದಲ್ಲಿ. ಸರ್ಕಾರ ಐದು ವರ್ಷ ನಡೆಯಿತು. ಆದರೆ ವಿಶ್ವವಿದ್ಯಾಲಯದ ಶುಲ್ಕ ಏರಿಸುವುದಿಲ್ಲವೆಂದಿದ್ದ ಲಿಬರಲ್ ಡೆಮಾಕ್ರಾಟರು ಮಾತು ಮುರಿದರು. 2015ರಲ್ಲಿ ಅವರಿಗೆ ಉಳಿದದ್ದು 8 ಸ್ಥಾನ.

ಇನ್ನೊಂದು ದಾರಿ ಹೊರಗಿನ ಬೆಂಬಲ. 2017ರಲ್ಲಿ ಬಹುಮತವಿಲ್ಲದ ಕನ್ಸರ್ವೇಟಿವ್ ಸರ್ಕಾರಕ್ಕೆ, ಉತ್ತರ ಐರ್ಲೆಂಡಿನ ಪಕ್ಷ ಡಿಯುಪಿಯ 10 ಸಂಸದರು ವಿಶ್ವಾಸಮತ ಮತ್ತು ಬಜೆಟ್‌ಗೆ ಬೆಂಬಲವೆಂದು ಬರೆದುಕೊಟ್ಟರು, ಖಾತೆ ಕೇಳಲಿಲ್ಲ.

ಇಲ್ಲಿ 2018ರಲ್ಲಿ ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನ ಕೊಟ್ಟರು, ಸುಪ್ರೀಂ ಕೋರ್ಟ್ ಅದನ್ನು ಮೊಟಕುಗೊಳಿಸಬೇಕಾಯಿತು. ಮುಂದೆ ಅತಂತ್ರ ವಿಧಾನಸಭೆ ಬಂದರೆ, ಪ್ರಮಾಣವಚನಕ್ಕೆ ಮುನ್ನವೇ ಪಕ್ಷಗಳು ತಮ್ಮ ಒಪ್ಪಂದವನ್ನು ಪೂರ್ತಿಯಾಗಿ ಪ್ರಕಟಿಸಲಿ. ಖಾತೆ ಹಂಚಿಕೆಯಷ್ಟೇ ಅಲ್ಲ, ಭಿನ್ನಮತ ಬಂದಾಗ ಯಾರು ಬಗೆಹರಿಸಬೇಕು ಎಂಬುದೂ ಅದರಲ್ಲಿರಲಿ.

– ರಾಜ್ಯಶಾಸ್ತ್ರ ಅಧ್ಯಾಪಕರು, ಬೆಂಗಳೂರು