ವಿದೇಶ ಪುಟದಲ್ಲಿ ಬಿದ್ದುಹೋಗುವ ‘ಎಂದು’

ಮಾನ್ಯ ಸಂಪಾದಕರೇ,

ನಿಮ್ಮ ವಿದೇಶ ಪುಟದ ಗಾಜಾ ಸುದ್ದಿಗಳಲ್ಲಿ ‘ಎಂದು’ ಎಂಬ ಪದ ಮತ್ತೆ ಮತ್ತೆ ಬಿದ್ದುಹೋಗುತ್ತಿದೆ. ಏಜೆನ್ಸಿಯ ಇಂಗ್ಲಿಷ್ ಕಾಪಿಯಲ್ಲಿ ಹೇಳಿದವರು ಯಾರೆಂಬುದು ಸಾಮಾನ್ಯವಾಗಿ ಮೊದಲ ಸಾಲಲ್ಲೇ ಇರುತ್ತದೆ. ಕನ್ನಡದಲ್ಲಿ ಅದು ವಾಕ್ಯದ ಬಾಲ. ಸುದ್ದಿಯನ್ನು ಎರಡು ಕಾಲಂಗೆ ಕೂರಿಸುವಾಗ ಮೊದಲು ಕತ್ತರಿ ಬೀಳುವುದು ಆ ಬಾಲಕ್ಕೇ. ‘ಸುರಂಗವಿದ್ದ ಕಟ್ಟಡವನ್ನು ಕೆಡವಿದ್ದೇವೆ ಎಂದು ಇಸ್ರೇಲ್ ಸೇನೆ ಹೇಳಿದೆ’ ಎಂಬುದು ತಲೆಬರಹಕ್ಕೆ ಏರುವಷ್ಟರಲ್ಲಿ ‘ಸುರಂಗ ಕಟ್ಟಡ ಧ್ವಂಸ’ ಆಗಿರುತ್ತದೆ. ಸುರಂಗ ಇತ್ತೋ ಇಲ್ಲವೋ, ಓದಿದವರ ಮನಸ್ಸಿನಲ್ಲಿ ಇದ್ದೇ ಇತ್ತು. ‘ಸುರಂಗವಿತ್ತು: ಇಸ್ರೇಲ್’ ಎಂದು ಬರೆದರೆ ಜಾಗವೂ ಉಳಿಯುತ್ತದೆ, ಮಾತು ಯಾರದೆಂಬುದೂ ಉಳಿಯುತ್ತದೆ.

ಇದು ಒಂದೇ ಕಡೆಗೆ ವಾಲುವ ತಪ್ಪಲ್ಲ. 2023ರ ಅಕ್ಟೋಬರ್ 17ರ ರಾತ್ರಿ ಗಾಜಾದ ಅಲ್ ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟವಾದಾಗ ‘ಇಸ್ರೇಲ್ ದಾಳಿ, 500 ಸಾವು’ ಎಂಬ, ಹಮಾಸ್ ಆಡಳಿತದಡಿಯ ಅಲ್ಲಿನ ಆರೋಗ್ಯ ಸಚಿವಾಲಯದ ಮಾತು ದೊಡ್ಡ ದೊಡ್ಡ ಪತ್ರಿಕೆಗಳ ತಲೆಬರಹವಾಯಿತು. ಗಾಜಾದ ಇನ್ನೊಂದು ಸಶಸ್ತ್ರ ಗುಂಪು ಇಸ್ಲಾಮಿಕ್ ಜಿಹಾದ್ ಹಾರಿಸಿ ಗುರಿ ತಪ್ಪಿದ ರಾಕೆಟ್ ಅದು ಎಂದು ಇಸ್ರೇಲ್ ಹೇಳಿತು. ಸಂಖ್ಯೆಯನ್ನು ಸಚಿವಾಲಯವೇ ಆಮೇಲೆ 471 ಮಾಡಿತು. ಹಮಾಸ್ ಹೇಳಿಕೆಯನ್ನು ವಿಪರೀತ ನೆಚ್ಚಿಕೊಂಡೆವು ಎಂದು ನ್ಯೂಯಾರ್ಕ್ ಟೈಮ್ಸ್ ಆರು ದಿನಗಳ ಬಳಿಕ ಸಂಪಾದಕರ ಟಿಪ್ಪಣಿ ಹಾಕಿತು. ಅದಕ್ಕೂ ಒಂದು ವಾರ ಮುಂಚೆ ‘40 ಶಿಶುಗಳ ಶಿರಚ್ಛೇದ’ ಎಂಬ ಸುದ್ದಿ ಇಸ್ರೇಲ್ ಕಡೆಯಿಂದ ಹಬ್ಬಿತ್ತು; ಅದು ಇಂದಿಗೂ ದೃಢಪಟ್ಟಿಲ್ಲ. ಇಂಥ ತಿದ್ದುಪಡಿಗಳು ತಪ್ಪು ಅಚ್ಚಾದ ಪುಟದಲ್ಲೇ, ಅಷ್ಟೇ ಎದ್ದು ಕಾಣುವಂತೆ ಬರಬೇಕು.

ಪದಗಳ ಆಯ್ಕೆಯನ್ನೂ ದಯವಿಟ್ಟು ನೋಡಿ. ‘ಹತ್ಯೆ’ ಎಂದರೆ ಕೊಂದವರು ಯಾರು ಎಂಬ ಪ್ರಶ್ನೆ ಏಳುತ್ತದೆ; ‘ಸಾವು’, ‘ಬಲಿ’ ಎಂದರೆ ಏಳುವುದಿಲ್ಲ. ಒಂದು ಕಡೆಯವರಿಗೆ ಸದಾ ‘ಹತ್ಯೆ’, ಮತ್ತೊಂದು ಕಡೆಯವರಿಗೆ ಸದಾ ‘ಸಾವು’ ಎಂದು ಬರೆದರೆ ತೀರ್ಪು ಅಲ್ಲೇ ಮುಗಿಯಿತು. ಗಾಜಾ ಸಚಿವಾಲಯದ ಲೆಕ್ಕ ಹೋರಾಟಗಾರರನ್ನೂ ನಾಗರಿಕರನ್ನೂ ಬೇರ್ಪಡಿಸುವುದಿಲ್ಲ. ಆದ್ದರಿಂದ ಆ ಸಂಖ್ಯೆಯ ಪಕ್ಕ ‘ಉಗ್ರರು’ ಎಂದು ಸೇರಿಸುವುದೂ ತಪ್ಪು, ‘ನಾಗರಿಕರು’ ಎಂದು ಸೇರಿಸುವುದೂ ತಪ್ಪು. ಯುದ್ಧ ಶುರುವಾದಂದಿನಿಂದ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಒಳಹೋಗಲು ಇಸ್ರೇಲ್ ಬಿಟ್ಟಿಲ್ಲ ಎಂಬುದನ್ನೂ ಸುದ್ದಿಯ ಕೆಳಗೆ ಒಂದು ಸಾಲಿನಲ್ಲಿ ತಿಳಿಸಿ.

ಬರೆಯದೆ ಬಿಡುವುದೂ ಪಕ್ಷಪಾತವೇ. 2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದಲ್ಲಿ ಹೊತ್ತಿಕೊಂಡಾಗ, ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿದ್ದ ನಮ್ಮ ಹುಣಸೂರು ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿನ ಅಲ್ ಫಾಶರ್ ನಗರದಲ್ಲಿ ಸಿಕ್ಕಿಕೊಂಡಿದ್ದರು. ಆಗ ಆ ಊರು ಮೈಸೂರಿನ ಮನೆಮನೆಗೂ ಗೊತ್ತಾಯಿತು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಅವರು ಮನೆ ಸೇರಿದ್ದೇ ತಡ, ಊರೂ ಪುಟದಿಂದ ಮರೆಯಾಯಿತು. ಅದೇ ಅಲ್ ಫಾಶರ್ ಸುಮಾರು ಒಂದೂವರೆ ವರ್ಷ ಮುತ್ತಿಗೆಯಲ್ಲಿ ಹಸಿದು, 2025ರ ಅಕ್ಟೋಬರ್‌ನಲ್ಲಿ ಸುಡಾನ್ ಸೇನೆಯ ವಿರುದ್ಧ ಕಾದಾಡುವ ಅರೆಸೇನಾ ಪಡೆ ಆರ್‌ಎಸ್‌ಎಫ್‌ನ ಕೈಗೆ ಬಿತ್ತು. ನಮ್ಮ ಜನಕ್ಕೆ ಅನ್ನ ಕೊಟ್ಟ ಊರದು. ವಾರಕ್ಕೊಂದು ಕಾಲಂ ಅದಕ್ಕೂ ಕೊಡಿ.

– ಓದುಗರು, ಸರಸ್ವತಿಪುರಂ, ಮೈಸೂರು